ರಂಗರೂಟ್ ಆಗುವ ಮುನ್ನ

ಸೈನ್ಯಕ್ಕೆ ಹೊಸದಾಗಿ ಭರ್ತಿಯಾದ ಹುಡುಗನಿಗೆ ಉತ್ತರ ಭಾರತದ ಆಡುಮಾತಿನಲ್ಲಿ ‘ರಂಗರೂಟ್’ ಎಂಬ ಹೆಸರುಂಟು. ಕೇಳಲು ಅಪ್ಪಟ ದೇಶಿ ಪದದಂತಿದ್ದರೂ ಇದು ಇಂಗ್ಲಿಷಿನ ‘ರಿಕ್ರೂಟ್’. ಸಿಪಾಯಿಗಳ ನಾಲಗೆಯ ಮೇಲೆ ಹೊರಳಿ ಈ ರೂಪ ಪಡೆಯಿತು. ರಾತ್ರಿ ಕಾವಲಿನವನು ಕೂಗುತ್ತಿದ್ದ ‘ಹೂ ಕಮ್ಸ್ ದೇರ್’ ಎಂಬುದು ‘ಹುಕುಂದಾರ್’ ಆದದ್ದೂ ಹೀಗೆಯೇ. ನಮ್ಮ ‘ಕವಾಯತು’ ಮಾತ್ರ ಬೇರೆ ದಾರಿಯಿಂದ ಬಂದದ್ದು. ಅದರ ಮೂಲ ಅರಬ್ಬಿಯ ‘ಕವಾಯಿದ್’, ಅರ್ಥ, ನಿಯಮಗಳು. ಅರ್ಥವಾಗದ ಭಾಷೆಯಲ್ಲಿ ಕೇಳಿದ ಆಜ್ಞೆಗೆ ಕೈಕಾಲು ಆಡಿಸಿದವರ ಇಡೀ ಚರಿತ್ರೆ ಇಂಥ ನಾಲ್ಕಾರು ಪದಗಳಲ್ಲಿ ಅಡಗಿದೆ.

ಇಂದು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ನಸುಕಿನಲ್ಲಿ ಬಸ್ಸು ಹತ್ತಿದವರಿಗೆ ಊರ ಹೊರಗಿನ ರಸ್ತೆಯಲ್ಲಿ ಗುಂಪಾಗಿ ಓಡುವ ಹುಡುಗರು ಕಾಣಸಿಗುತ್ತಾರೆ. ಅವರ ಲೆಕ್ಕವೆಲ್ಲ 1.6 ಕಿಲೋಮೀಟರ್ ಮತ್ತು ಐದೂವರೆ ನಿಮಿಷದ್ದು. ಸೇನಾ ಭರ್ತಿ ರ‍್ಯಾಲಿಯಲ್ಲಿ ಅಷ್ಟರೊಳಗೆ ಓಡಿ ಮುಗಿಸಿದವನಿಗೆ ಪೂರ್ತಿ 60 ಅಂಕ. ತಡವಾದಂತೆ ಅಂಕ ಇಳಿಯುತ್ತದೆ. ಕಂಬಿಗೆ ಜೋತು ಹತ್ತು ಬಾರಿ ಗದ್ದ ಮೇಲೆತ್ತಿದರೆ 40 ಅಂಕ. ಒಂಬತ್ತು ಅಡಿಯ ಕಂದಕ ಹಾರಬೇಕು, ಅಂಕುಡೊಂಕಿನ ಹಲಗೆಯ ಮೇಲೆ ಬೀಳದೆ ನಡೆಯಬೇಕು. ಇವೆರಡಕ್ಕೆ ಅಂಕವಿಲ್ಲ, ಪಾಸಾದರೆ ಸಾಕು. ಹುಡುಗರ ಸಿದ್ಧತೆ ಬಹುಪಾಲು ಇಲ್ಲಿಗೆ ಮುಗಿಯುತ್ತದೆ. ಆದರೆ ಇದು ಬಾಗಿಲು ದಾಟುವ ಪರೀಕ್ಷೆ ಮಾತ್ರ. ಒಳಗೆ ಹೋದ ಮೇಲಿನ ಮೊದಲ ತಿಂಗಳಲ್ಲಿ ಹುಡುಗನನ್ನು ಅಲ್ಲಾಡಿಸುವ ಸಂಗತಿಗಳು ಬೇರೆಯವೇ: ಕೂದಲು, ಊಟ, ಭಾಷೆ, ಒಂಟಿತನ, ಎಲ್ಲರೆದುರು ಬೈಸಿಕೊಳ್ಳುವುದು. ಸೈನ್ಯಗಳು ಇದನ್ನು ಅರಿತುಕೊಳ್ಳಲು ಬಹುಕಾಲ ಹಿಡಿಯಿತು. ಅರಿತದ್ದೂ ಪುಸ್ತಕದಿಂದಲ್ಲ, ಪೆಟ್ಟು ತಿಂದು.

ಕೋವಿಯ ನಲವತ್ತು ವರಸೆ

ಇಂದು ನಾವು ಕಾಣುವ ಬಗೆಯ ರಂಗರೂಟ್ ತರಬೇತಿ ಯುರೋಪಿನಲ್ಲಿ ಹುಟ್ಟಿದ್ದು 1590ರ ದಶಕದಲ್ಲಿ. ಅದಕ್ಕೂ ಮುಂಚೆ ಸಿಪಾಯಿಗಳಿರಲಿಲ್ಲವೆಂದಲ್ಲ. ಗರಡಿಮನೆಯಲ್ಲಿ ಪಳಗಿದವನು, ಬೇಟೆಯಲ್ಲಿ ನುರಿತವನು, ಮನೆತನದಿಂದ ಕತ್ತಿವರಸೆ ಕಲಿತವನು ಪಡೆಗೆ ಸೇರುತ್ತಿದ್ದ. ಕಲಿತೇ ಬರುತ್ತಿದ್ದುದರಿಂದ ಕಲಿಸುವ ಹೊಣೆ ದೊರೆಯದಾಗಿರಲಿಲ್ಲ. ನೆದರ್ಲೆಂಡ್ಸಿನ ದಂಡನಾಯಕ ಮಾರಿಸ್ ರಾಜಕುಮಾರ ಈ ರೂಢಿಯನ್ನು ತಿರುಗಿಸಿದ. ಆಗಿನ ಕೋವಿಗೆ ಮದ್ದು ತುಂಬಿ ಗುಂಡು ಹಾರಿಸುವುದು ದೊಡ್ಡ ಕಸರತ್ತಾಗಿತ್ತು. ಆತ ಅದನ್ನು ಬಿಡಿ ಬಿಡಿ ಚಲನೆಗಳಾಗಿ ಒಡೆದ. ಒಂದೊಂದಕ್ಕೂ ಒಂದೊಂದು ಆಜ್ಞೆ. ಆ ಭಂಗಿಗಳನ್ನು ತಾಮ್ರದ ಹಲಗೆಯಲ್ಲಿ ಕೊರೆದು ಯಾಕೋಬ್ ದ ಗೇನ್ ಎಂಬ ಕಲಾವಿದ 1607ರಲ್ಲಿ ಪುಸ್ತಕ ಮಾಡಿದ. ಕೋವಿ ಹಿಡಿದವನಿಗೇ ಅದರಲ್ಲಿ ನಲವತ್ತಕ್ಕೂ ಹೆಚ್ಚು ಭಂಗಿಗಳಿವೆ. ಕೋವಿಯನ್ನೇ ಮುಟ್ಟಿರದ ರೈತನ ಮಗನನ್ನೂ ಕೆಲವು ತಿಂಗಳಲ್ಲಿ ಸಿಪಾಯಿ ಮಾಡಬಹುದು ಎಂಬ ನಂಬಿಕೆ ಹುಟ್ಟಿದ್ದು ಇಂಥ ಪುಸ್ತಕಗಳಿಂದ.

ಈ ವಿದ್ಯೆ ದಕ್ಷಿಣ ಭಾರತಕ್ಕೆ ಬಂದದ್ದು 1740ರ ದಶಕದಲ್ಲಿ. ಪಾಂಡಿಚೇರಿಯ ಫ್ರೆಂಚರು ಊರಿನವರನ್ನೇ ಸೇರಿಸಿಕೊಂಡು ಕವಾಯತು ಕಲಿಸಿದರು. ಅದನ್ನು ಕಂಡ ಇಂಗ್ಲಿಷರು 1748ರಲ್ಲಿ ಬಂದ ಸ್ಟ್ರಿಂಗರ್ ಲಾರೆನ್ಸ್ ಎಂಬ ಮೇಜರನ ಕೈಯಲ್ಲಿ ಅದೇ ಕೆಲಸ ಆರಂಭಿಸಿದರು. ಮೈಸೂರಿನ ಹೈದರಾಲಿಯೂ ಸುಮ್ಮನೆ ಕೂರಲಿಲ್ಲ. ಫ್ರೆಂಚರಿಂದ ಕಲಿತು ತನ್ನ ಕಾಲಾಳುಗಳಿಗೆ ಕಲಿಸಿದ. ಅವನ ಮಗ ಟಿಪ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1783ರಲ್ಲಿ ಜೈನುಲ್ ಆಬಿದೀನ್ ಶುಸ್ತರಿ ಎಂಬುವನಿಂದ ‘ಫತಹುಲ್ ಮುಜಾಹಿದೀನ್’ ಎಂಬ ಸೈನಿಕ ಕೈಪಿಡಿಯನ್ನು ಬರೆಸಿ, ಯುರೋಪಿನ ಆಜ್ಞೆಗಳ ಜಾಗದಲ್ಲಿ ಪಾರಸಿ ಪದಗಳನ್ನು ತಂದ. ಕೇಳುವವರಲ್ಲಿ ಕನ್ನಡ ನಾಡಿನ ಬೇಡರು, ಒಕ್ಕಲು ಮಕ್ಕಳು ಇದ್ದರೆ ಅವರ ಪಾಲಿಗೆ ಫ್ರೆಂಚಾದರೇನು, ಪಾರಸಿಯಾದರೇನು, ಎರಡೂ ಒಂದೇ. ಅವರ ನುಡಿಯಲ್ಲೇ ಆಜ್ಞೆ ಕೊಡಬಹುದೆಂದು ಯಾರಿಗೂ ಹೊಳೆದಂತಿಲ್ಲ.

ಅಮೆರಿಕದಲ್ಲಿ ಮಾತ್ರ ಬೇರೊಂದು ಪಾಠ ಸಿಕ್ಕಿತು. 1778ರ ಫೆಬ್ರವರಿಯಲ್ಲಿ ವ್ಯಾಲಿ ಫೋರ್ಜ್ ಶಿಬಿರಕ್ಕೆ ಬಂದ ಪ್ರಷ್ಯದ ಅಧಿಕಾರಿ ಶ್ಟೊಯ್ಬೆನ್‌ಗೆ ಇಂಗ್ಲಿಷ್ ಬಾರದು. ದುಭಾಷಿಯನ್ನು ಇಟ್ಟುಕೊಂಡೇ ವಾಷಿಂಗ್ಟನ್ನನ ಹರಕು ಬಟ್ಟೆಯ ಸೈನ್ಯಕ್ಕೆ ಕವಾಯತು ಹೇಳಿಕೊಟ್ಟ. ಪ್ರಷ್ಯದಲ್ಲಿ ‘ಮಾಡು’ ಎಂದರೆ ಸಾಕು, ಮಾಡುತ್ತಾರೆ. ಇಲ್ಲಿನವನಿಗೆ ಯಾಕೆ ಮಾಡಬೇಕು ಎಂದು ಮೊದಲು ತಿಳಿಸಿ ಆಮೇಲೆ ‘ಮಾಡು’ ಎನ್ನಬೇಕು ಎಂಬ ಅರ್ಥದಲ್ಲಿ ಆತ ತನ್ನ ಪರಿಚಿತನಿಗೆ ಪತ್ರ ಬರೆದ. ಈ ‘ಯಾಕೆ’ಯನ್ನು ಉಳಿದ ಸೈನ್ಯಗಳು ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸೋದರಮಾವನ ಪಾಠ

ಕಂಪೆನಿಯ ಕಾಲದಲ್ಲಿ ಹುಡುಗನೊಬ್ಬ ಸೈನ್ಯಕ್ಕೆ ಹೇಗೆ ಹೋಗುತ್ತಿದ್ದ ಎಂಬುದಕ್ಕೆ ಒಂದು ಹೆಸರಾಂತ ಪುಸ್ತಕವಿದೆ. ಅವಧ್ ಸೀಮೆಯ ಸೀತಾರಾಮ್ ಪಾಂಡೆ ಎಂಬ ಸುಬೇದಾರನದೆಂದು ಹೇಳುವ ಆತ್ಮಕಥೆ. ಇಂಗ್ಲಿಷಿಗೆ ತಂದವನು ನಾರ್ಗೇಟ್ ಎಂಬ ಅಧಿಕಾರಿ. ಇದನ್ನು ನಿಜಕ್ಕೂ ಸಿಪಾಯಿಯೇ ಬರೆದನೇ, ಸಾಹೇಬರ ಕೈಚಳಕವೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಅದೇನೇ ಇರಲಿ, ಅದರಲ್ಲಿ ಬರುವ ಚಿತ್ರ ಆ ಕಾಲದ್ದು ಎಂಬುದರಲ್ಲಿ ಅನುಮಾನವಿಲ್ಲ. ಸೋದರಮಾವ ಕಂಪೆನಿಯ ಪಲ್ಟನ್ನಿನಲ್ಲಿ ಜಮಾದಾರ. ರಜೆಯ ಮೇಲೆ ಊರಿಗೆ ಬಂದಾಗ ಕೊರಳಲ್ಲಿ ಚಿನ್ನದ ಗುಂಡಿನ ಸರ, ಮೈಮೇಲೆ ಕೆಂಪು ಕೋಟು, ಬಾಯಲ್ಲಿ ಮುಗಿಯದ ಕತೆ. ತಾಯಿ ಸುತರಾಂ ಒಪ್ಪಳು. ಹುಡುಗನಿಗೋ ನಿದ್ದೆಯಿಲ್ಲ. ಕಡೆಗೆ 1812ರಲ್ಲಿ ಮಾವನ ಹಿಂದೆ ಹೊರಟೇಬಿಡುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಚಿನ್ನದ ಸರವಲ್ಲ, ಮಾವ. ಮದ್ರಾಸು, ಬಂಗಾಳ, ಮುಂಬಯಿ ಸೈನ್ಯಗಳಿಗೆಲ್ಲ ಹುಡುಗರು ಬರುತ್ತಿದ್ದುದು ಹೆಚ್ಚಾಗಿ ಹೀಗೆಯೇ, ಕೆಲಸದಲ್ಲಿದ್ದ ನೆಂಟನ ಬೆನ್ನು ಹಿಡಿದು. ಹೊರಡುವ ಮುಂಚೆಯೇ ಹುಡುಗನಿಗೆ ಅಲ್ಲಿ ಏನಿರುತ್ತದೆಂಬುದು ಗೊತ್ತು. ಹವಾಲ್ದಾರ ಬೈದರೆ ಎದುರಾಡಬಾರದು, ವೈದ್ಯ ಬಟ್ಟೆ ಕಳಚು ಎಂದರೆ ನಾಚಬಾರದು, ಕಾಲಿಗೆ ಬೊಬ್ಬೆ ಬಂದರೆ ಏನು ಹಚ್ಚಬೇಕು, ಸಂಬಳದಲ್ಲಿ ಎಷ್ಟು ಉಳಿಸಬೇಕು — ಇದನ್ನೆಲ್ಲ ದಾರಿಯುದ್ದಕ್ಕೂ ಕೇಳುತ್ತಾ ಹೋಗುವ ಅನುಕೂಲ ಅವನಿಗಿತ್ತು. ಪಲ್ಟನ್ನಿಗೆ ಹೋದ ಮೇಲೂ ಅಕ್ಕಪಕ್ಕ ಮಲಗುವವರು ಊರವರೇ. ಬಯ್ಗುಳ ಕೂಡ ತನ್ನ ಭಾಷೆಯಲ್ಲೇ ಕೇಳಿಸುತ್ತಿತ್ತು. ತರಬೇತಿಯ ಅರ್ಧ ಮನೆಯಲ್ಲೇ ಆಗಿರುತ್ತಿದ್ದ ಈ ಏರ್ಪಾಟಿಗೆ ಕಂಪೆನಿ ಒಂದು ಬಿಡಿಗಾಸೂ ಖರ್ಚು ಮಾಡಲಿಲ್ಲ.

ಆದರೆ ಇದರಲ್ಲಿ ಒಂದು ಮಾತಿನ ಕರಾರು ಅಡಗಿತ್ತು. ಮಾವ ಹೇಳಿದ ಹಾಗೆ ಅಲ್ಲಿ ಇರಬೇಕು. ಹೇಳದೇ ಇದ್ದದ್ದನ್ನು ತಂದು ಹೇರಿದರೆ ಕರಾರು ಮುರಿದಂತೆ.

ವೆಲ್ಲೂರಿನ ಟೊಪ್ಪಿಗೆ

1805ರ ನವೆಂಬರಿನಲ್ಲಿ ಮದ್ರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಸಿಪಾಯಿಗಳ ವೇಷಭೂಷಣದ ಬಗ್ಗೆ ಹೊಸ ನಿಯಮ ಹೊರಡಿಸಿದ. ಸಮವಸ್ತ್ರದಲ್ಲಿದ್ದಾಗ ಹಣೆಯ ಮೇಲೆ ನಾಮ, ವಿಭೂತಿ ಯಾವುದೂ ಇರಕೂಡದು. ಕಿವಿಯ ಒಂಟಿ ತೆಗೆಯಬೇಕು. ಗದ್ದ ನುಣ್ಣಗೆ ಬೋಳಿಸಬೇಕು, ಮೀಸೆಯನ್ನು ಒಂದೇ ಅಳತೆಗೆ ಕತ್ತರಿಸಬೇಕು. ಹಳೆಯ ರುಮಾಲಿನ ಬದಲು ಚರ್ಮದ ತುರಾಯಿಯುಳ್ಳ ದುಂಡು ಟೊಪ್ಪಿಗೆ ಧರಿಸಬೇಕು.

ಕಡತದಲ್ಲಿ ಇದು ನಾಲ್ಕು ಸಾಲಿನ ಆದೇಶ. ನೋಡಲು ಸಾಲು ಒಂದೇ ತೆರನಾಗಿರಲಿ ಎಂಬುದಷ್ಟೇ ಮೇಲಿನವರ ಆಸೆ ಇದ್ದಿರಬಹುದು. ಸಿಪಾಯಿಗೆ ಕಂಡದ್ದೇ ಬೇರೆ. ಹಿಂದೂವಿಗೆ ಹಸುವಿನ ಚರ್ಮದ ಹೆದರಿಕೆ, ಮುಸಲ್ಮಾನನಿಗೆ ಹಂದಿ ಚರ್ಮದ್ದು. ಇಬ್ಬರಿಗೂ ಇದು ಫರಂಗಿಯ ಹ್ಯಾಟು. ಅದನ್ನು ಹಾಕಿಕೊಂಡು ಊರಿಗೆ ಹೋದರೆ ನೆಂಟರು ಊಟಕ್ಕೆ ಎಲೆ ಹಾಕುವರೇ, ಹೆಣ್ಣು ಕೊಡುವರೇ? ಬೇಡವೆಂದವರಿಗೆ ಶಿಕ್ಷೆ ಆಯಿತು. 1806ರ ಮೇ ತಿಂಗಳಲ್ಲಿ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ ಸಿಪಾಯಿಗೆ ತಲಾ 90 ಛಡಿ ಏಟು ಕೊಟ್ಟು ಸೈನ್ಯದಿಂದ ಹೊರಹಾಕಿದರು.

ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆ ಸಿಡಿಯಿತು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದುದೂ ಅದೇ ಕೋಟೆಯಲ್ಲಿ. ಮಲಗಿದ್ದ 69ನೇ ರೆಜಿಮೆಂಟಿನ ಗೋರಾ ಸಿಪಾಯಿಗಳ ಮೇಲೆ ಗುಂಡಿನ ಮಳೆ ಸುರಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಕೋಟೆಯ ಮೇಲೆ ಮೈಸೂರಿನ ಹುಲಿಬಾವುಟ ಏರಿತು. ಆರ್ಕಾಟಿನಿಂದ ಗಿಲೆಸ್ಪಿ ಎಂಬ ಕರ್ನಲ್ ಕುದುರೆಪಡೆಯೊಡನೆ ಧಾವಿಸಿ ಬಂದು ಅದೇ ದಿನ ಕೋಟೆಯನ್ನು ಮರಳಿ ವಶಪಡಿಸಿಕೊಂಡ. ಆಮೇಲೆ ನಡೆದದ್ದು ಸೇಡು. ನೂರಾರು ಸಿಪಾಯಿಗಳು ಹತರಾದರು, ಹಲವರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಟೊಪ್ಪಿಗೆಯ ಆದೇಶ ರದ್ದಾಯಿತು. ಕ್ರಾಡಕ್ ಹಾಗೂ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಇಬ್ಬರನ್ನೂ ಲಂಡನ್ ಹಿಂದಕ್ಕೆ ಕರೆಸಿಕೊಂಡಿತು.

ವೆಲ್ಲೂರಿನ ದಂಗೆಗೆ ರಾಜಕೀಯ ಕಾರಣಗಳೂ ಇದ್ದವು. ಟಿಪ್ಪುವಿನ ಮನೆತನದ ಪಾತ್ರ ಎಷ್ಟು ಎಂಬುದರ ಬಗ್ಗೆ ಅಂದಿನಿಂದಲೂ ವಾದವಿದೆ. ಆದರೆ ತರಬೇತಿಯ ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದದ್ದು ಆ ಟೊಪ್ಪಿಗೆ. ಸೈನ್ಯಕ್ಕೆ ಸೇರುವವನು ತನ್ನ ಶ್ರಮ, ನಿದ್ದೆ, ಪ್ರಾಣವನ್ನೂ ಕೊಡಲು ಒಪ್ಪಿರುತ್ತಾನೆ. ಆದರೆ ತಾನು ಯಾರು ಎಂಬುದನ್ನು ಏಕಾಏಕಿ ಬಿಟ್ಟುಕೊಡು ಎಂದರೆ ಕಲ್ಲಾಗುತ್ತಾನೆ. ಕಾರಣ ಹೇಳದೆ, ಮುಂಚೆ ತಿಳಿಸದೆ ಹಾಗೆ ಕೇಳಿದರೆ ಏನಾಗುತ್ತದೆಂಬುದು ಅಂದು ಗೊತ್ತಾಗಿತ್ತು. ಆದರೂ ಸರ್ಕಾರದ ನೆನಪು ಗಿಡ್ಡ. 1856ರಲ್ಲಿ ಬಂಗಾಳ ಸೈನ್ಯಕ್ಕೆ ಸೇರುವ ಪ್ರತಿಯೊಬ್ಬನೂ ಸಮುದ್ರ ದಾಟಲು ಒಪ್ಪಲೇಬೇಕೆಂಬ ಕಾನೂನು ಬಂತು. ಮರುವರ್ಷ ಕೊಬ್ಬು ಹಚ್ಚಿದ ತೋಟೆಯ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ಆ ತೋಟೆಯ ಸುದ್ದಿ ಮೊದಲು ಹಬ್ಬಿದ್ದು ಡಂಡಂನಲ್ಲಿದ್ದ ಹೊಸ ಕೋವಿಯ ತರಬೇತಿ ಕೇಂದ್ರದಿಂದ ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ.

ಅಲ್ಲಿಂದ ಮುಂದೆ ಬ್ರಿಟಿಷರು ಇನ್ನೊಂದು ತುದಿಗೆ ಹೋದರು. ಪಲ್ಟನ್ನಿನಲ್ಲೇ ಪಂಡಿತ, ಮೌಲ್ವಿ, ಗ್ರಂಥಿ ನೆಲೆಯಾದರು. ಇಂದಿಗೂ ಭಾರತೀಯ ಸೇನೆಯ ರಂಗರೂಟ್ ತರಬೇತಿ ಮುಗಿಸಿ ‘ಕಸಂ ಪರೇಡ್’ನಲ್ಲಿ ಪ್ರಮಾಣ ಮಾಡುವಾಗ ಧರ್ಮಗುರುಗಳು, ಧರ್ಮಗ್ರಂಥಗಳು ಎದುರಿಗಿರುತ್ತವೆ. ವೆಲ್ಲೂರಿನ ನೆರಳು ಇದರಲ್ಲಿದೆ ಎಂದರೆ ತಪ್ಪಾಗದು.

ಹೇಳಿಕೊಡುವವರಿಲ್ಲದ ಊರು

1857ರ ಬಳಿಕ ಭರ್ತಿಯ ಭೂಪಟವೇ ಬದಲಾಯಿತು. ಕೆಲವು ಜನಾಂಗಗಳು ಹುಟ್ಟಾ ವೀರರು, ಉಳಿದವರು ಯುದ್ಧಕ್ಕೆ ಲಾಯಕ್ಕಲ್ಲ ಎಂಬ ವಾದಕ್ಕೆ ಬಲ ಬಂತು. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ರಾಬರ್ಟ್ಸ್ ಇದರ ದೊಡ್ಡ ವಕ್ತಾರ. ಅದಕ್ಕೂ ಮುಂಚೆ ಮದ್ರಾಸು ಸೈನ್ಯದ ಹೊಣೆ ಹೊತ್ತಿದ್ದವನಿಗೆ ದಕ್ಷಿಣದ ಸಿಪಾಯಿಯ ಮೇಲೆ ಭರವಸೆ ಇರಲಿಲ್ಲ. ಪಂಜಾಬ್, ನೇಪಾಳದ ಕಡೆ ಭರ್ತಿ ಹೆಚ್ಚಿತು, ದಕ್ಷಿಣದ ಪಲ್ಟನ್ನುಗಳು ಒಂದೊಂದಾಗಿ ಕಣ್ಮುಚ್ಚಿದವು. 1928ರ ವೇಳೆಗೆ ಖಾಯಂ ಸೈನ್ಯದಲ್ಲಿ ಮದ್ರಾಸಿನ ಕಾಲಾಳು ರೆಜಿಮೆಂಟೇ ಉಳಿಯಲಿಲ್ಲ. ಉಳಿದವರು 1834ರಿಂದ ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸು ಸ್ಯಾಪರ್ಸ್. ಮುಳ್ಳುತಂತಿ ಸೀಳುವ ‘ಬೆಂಗಳೂರು ಟಾರ್ಪೆಡೊ’ವನ್ನು 1912ರಲ್ಲಿ ರೂಪಿಸಿದ್ದು ಈ ಪಡೆಯ ಮಕ್ಲಿಂಟಾಕ್ ಎಂಬ ಅಧಿಕಾರಿ.

‘ವೀರ ಜನಾಂಗ’ ಎಂಬುದು ಶುದ್ಧ ಕಟ್ಟುಕತೆ. ಆದರೆ ಅದರ ಪರಿಣಾಮ ಕಟ್ಟುಕತೆಯಲ್ಲ. ಭರ್ತಿ ನಡೆದ ಊರಿನಲ್ಲಿ ಪ್ರತಿ ತಲೆಮಾರಿಗೂ ಮಾವ, ದೊಡ್ಡಪ್ಪ, ಅಜ್ಜ ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ನಿಂತ ಊರಿನಲ್ಲಿ ಆ ಅರಿವಿನ ಎಳೆಯೇ ತುಂಡಾಯಿತು. ಒಂದೆರಡು ತಲೆಮಾರು ಕಳೆದ ಮೇಲೆ ಅಲ್ಲಿಂದ ಬಂದ ಹುಡುಗ ತಬ್ಬಿಬ್ಬಾದರೆ, ‘ನೋಡಿ, ಈ ಜನ ಯುದ್ಧಕ್ಕೆ ಆಗಿಬರುವವರಲ್ಲ’ ಎಂದು ತೀರ್ಪು ಕೊಡುವುದು ಸುಲಭ. ಕನ್ನಡ ನಾಡಿನಲ್ಲೇ ಇದಕ್ಕೆ ಹೋಲಿಕೆ ಸಿಗುತ್ತದೆ. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನ ಮನೆಗಳಲ್ಲಿ ಸೈನ್ಯದ ಮಾತು ಮನೆಮಾತು. 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನಿಂದ ಹೊರಬಂದ ಭಾರತೀಯ ಅಧಿಕಾರಿಗಳ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು, 1926ರಲ್ಲಿ ತಿಮ್ಮಯ್ಯನವರು ಸ್ಯಾಂಡ್‌ಹರ್ಸ್ಟ್ ಮುಗಿಸಿ ಬಂದರು. ಅಂಥ ಒಬ್ಬರು ಮನೆಗೆ ರಜೆಗೆ ಬಂದರೆ ಓಣಿಯ ಹುಡುಗರಿಗೆಲ್ಲ ಅದೇ ಒಂದು ಶಾಲೆ. ಬಯಲುಸೀಮೆಯ ನೂರಾರು ಹಳ್ಳಿಗಳಿಗೆ ಆ ಭಾಗ್ಯ ಇರಲಿಲ್ಲ.

ತರಬೇತಿ ಕೇಂದ್ರಗಳು ಎಂದು ನಾವು ಇಂದು ಕರೆಯುವಂಥವು ಬಂದದ್ದು ಮೊದಲ ಮಹಾಯುದ್ಧದ ನಂತರ. ಅದುವರೆಗೆ ಪ್ರತಿ ಪಲ್ಟನ್ನೂ ತನ್ನ ಹುಡುಗರನ್ನು ತಾನೇ ಪಳಗಿಸುತ್ತಿತ್ತು. ಯುದ್ಧದಲ್ಲಿ ಸಾವು ಹೆಚ್ಚಿದಾಗ ಈ ಪದ್ಧತಿ ಕೈಕೊಟ್ಟಿತು. 1922ರ ಪುನರ್ರಚನೆಯಲ್ಲಿ ರೆಜಿಮೆಂಟಿಗೊಂದರಂತೆ ತರಬೇತಿ ಬೆಟಾಲಿಯನ್ ಏರ್ಪಟ್ಟಿತು. ಮರಾಠಾ ಲಘು ಪದಾತಿ ದಳದ ತರಬೇತಿ ಬೆಳಗಾವಿಗೆ ಬಂದದ್ದು ಆಗಲೇ. ಅಂದಿನಿಂದ ಅದು ಅಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯ 25 ಲಕ್ಷಕ್ಕೆ ಬೆಳೆದಾಗ ‘ವೀರ ಜನಾಂಗ’ದ ಲೆಕ್ಕ ತಾನಾಗಿಯೇ ಬಿದ್ದುಹೋಯಿತು, ಮದ್ರಾಸು ರೆಜಿಮೆಂಟು ಮತ್ತೆ ಹುಟ್ಟಿತು. ಆಗ ಬಂದ ಹುಡುಗರಲ್ಲಿ ಅನೇಕರು ಎಷ್ಟು ಬಡಕಲಾಗಿದ್ದರೆಂದರೆ, ಸೈನ್ಯದ ಊಟ ಉಂಡ ಕೆಲವೇ ತಿಂಗಳಲ್ಲಿ ಹಲವು ಪೌಂಡು ತೂಕ ಏರಿದ್ದು ವೈದ್ಯರ ದಾಖಲೆಯಲ್ಲಿದೆ. ಅವರ ಮೊದಲ ತರಬೇತಿ ಎಂದರೆ ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುವುದೇ ಆಗಿತ್ತು.

ಭಾಷೆಯ ತೊಡಕು ಮಾತ್ರ ಊಟದಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಸಾಮಾನ್ಯ ಭಾಷೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಉರ್ದು. ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ಹಿಂದಿ ಬಂತು. ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೇ ಮುಡ್’ ಎಂಬ ಆಜ್ಞೆಗಳು ಬಂದವು. ಈ ವಿಷಯದಲ್ಲಿ ಕಾರ್ಯಪ್ಪನವರ ಹೆಸರಿನಲ್ಲೇ ಒಂದು ಕತೆ ಚಾಲ್ತಿಯಲ್ಲಿದೆ. ಸ್ವಾತಂತ್ರ್ಯ ಬಂದಾಗ ಜವಾನರಿಗೆ ‘ನೀವು ಸ್ವತಂತ್ರರು, ನಾನೂ ಸ್ವತಂತ್ರ, ದೇಶವೂ ಸ್ವತಂತ್ರ’ ಎಂದು ಹೇಳಹೊರಟ ಅವರು ‘ಫ್ರೀ’ ಎಂಬುದಕ್ಕೆ ‘ಮುಫ್ತ್’ ಎಂದುಬಿಟ್ಟರಂತೆ; ಅಂದರೆ ಪುಕ್ಕಟೆ. 1949ರ ಜನವರಿ 15ರಂದು ದೇಶದ ಮೊದಲ ಭಾರತೀಯ ದಂಡನಾಯಕರಾದವರ ಪಾಡೇ ಇದಾದರೆ, ಕುಂದಗೋಳದಿಂದಲೋ ಕೂಡ್ಲಿಗಿಯಿಂದಲೋ ಹೋದ ಹದಿನೆಂಟರ ಹುಡುಗನ ಪಾಡು ಹೇಗಿರಬೇಡ?

ಹೆಜ್ಜೆ ಕೂಡಿದಾಗ

ಯುದ್ಧರಂಗದಲ್ಲಿ ಯಾರೂ ಸಾಲುಗಟ್ಟಿ ನಡೆಯುವುದಿಲ್ಲ. ಮೆಷಿನ್‌ಗನ್ ಬಂದ ಮೇಲೆ ಹಾಗೆ ನಡೆದವರು ಬದುಕುವುದೂ ಇಲ್ಲ. ಆದರೂ ಎಲ್ಲ ದೇಶಗಳ ಸೈನ್ಯಗಳೂ ರಂಗರೂಟ್‌ನಿಂದ ಗಂಟೆಗಟ್ಟಲೆ ‘ಕದಮ್ ತಾಲ್’ ಮಾಡಿಸುತ್ತವೆ. ಏಕೆ?

ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ ಇದಕ್ಕೆ ಕೊಟ್ಟ ಉತ್ತರ ಸ್ವಾನುಭವದ್ದು. 1941ರಲ್ಲಿ ಕಡ್ಡಾಯ ಸೇವೆಗೆ ಕರೆಬಂದು ಆತ ಟೆಕ್ಸಾಸಿನ ಶಿಬಿರಕ್ಕೆ ಹೋದಾಗ ಅಲ್ಲಿ ಕಲಿಯಲು ಸಾಕಷ್ಟು ಆಯುಧಗಳೇ ಇರಲಿಲ್ಲ. ಹೊತ್ತು ಕಳೆಯಲು ಬಿಸಿಲಲ್ಲಿ ಕವಾಯತು. ಅರ್ಥವಿಲ್ಲದ ಕೆಲಸವೆಂದು ಬೈದುಕೊಂಡೇ ನಡೆದ ಆತನಿಗೆ, ಎಲ್ಲರ ಹೆಜ್ಜೆ ಕೂಡಿದಾಗ ಒಂದು ಬಗೆಯ ಹಿಗ್ಗು, ತಾನು ತನಗಿಂತ ದೊಡ್ಡದೊಂದರಲ್ಲಿ ಸೇರಿಹೋದ ಅನುಭವ ಆಯಿತು. ಅರ್ಧ ಶತಮಾನದ ನಂತರ, 1995ರಲ್ಲಿ, ಆತ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದ. ಒಟ್ಟಾಗಿ ಮೈ ಆಡಿಸುವವರ ನಡುವೆ ಮಾತಿಗೂ ಮುಂಚಿನ ಒಂದು ನಂಟು ಬೆಳೆಯುತ್ತದೆ. ಕುಣಿತವಾದರೂ ಸರಿ, ಕವಾಯತಾದರೂ ಸರಿ ಎಂಬುದು ಆತನ ವಾದದ ತಿರುಳು. ಡೊಳ್ಳು ಕುಣಿತದ ಮೇಳದಲ್ಲಿ ಹೆಜ್ಜೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂದಲು ಕತ್ತರಿಸುವುದು, ಹೆಸರಿನ ಬದಲು ನಂಬರು, ಎಲ್ಲರಿಗೂ ಒಂದೇ ಬಟ್ಟೆ, ಹಾಸಿಗೆಯ ಮಡಿಕೆಗೂ ಒಂದು ಅಳತೆ — ಇವನ್ನು ಕೆನಡಾ ಮೂಲದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರ ತನ್ನ ಪುಸ್ತಕದಲ್ಲಿ ಬೇರೊಂದು ಕಡೆಯಿಂದ ನೋಡಿದ. ಜೈಲು, ಹುಚ್ಚಾಸ್ಪತ್ರೆ, ಮಠ, ಬ್ಯಾರಕ್ಕು ಎಲ್ಲವೂ ಒಳಬಂದವನ ಹಳೆಯ ಗುರುತನ್ನು ಮೊದಲು ಕಳಚುತ್ತವೆ ಎಂದ. ಮುಂಚೆ ತಿಳಿದಿದ್ದವನಿಗೆ ಇದೊಂದು ಹಾದುಹೋಗಬೇಕಾದ ಶಾಸ್ತ್ರ. ತಿಳಿಯದವನಿಗೆ ತನ್ನೊಬ್ಬನಿಗೇ ಆದ ಅವಮಾನ. ಉಸ್ತಾದ್ ಕಿರುಚಿದಾಗ ಅದು ತನ್ನ ಹುಟ್ಟಿಗೆ, ಊರಿಗೆ, ಜಾತಿಗೆ ಬಿದ್ದ ಬೈಗುಳ ಎಂದುಕೊಂಡವನು ಎರಡನೇ ವಾರವೇ ಕುಸಿಯುತ್ತಾನೆ. ಕಿರುಚುವುದು ಅವನ ಪಾತ್ರ, ಗದ್ದಲದಲ್ಲೂ ಕೈ ನಡುಗದಿರಲಿ ಎಂಬುದು ಅದರ ಉದ್ದೇಶ ಎಂದು ಅರಿತವನಿಗೆ ರಾತ್ರಿ ನಿದ್ದೆ ಬರುತ್ತದೆ.

ಹಾಗೆಂದು ಕಿರುಚಾಟವೆಲ್ಲ ಸರಿ ಎಂದಲ್ಲ. 1956ರ ಏಪ್ರಿಲ್ 8ರ ಭಾನುವಾರ ರಾತ್ರಿ ಅಮೆರಿಕದ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಬೋಧಕನೊಬ್ಬ, ಶಿಸ್ತು ಕಲಿಸುವ ನೆಪದಲ್ಲಿ 74 ಹುಡುಗರನ್ನು ರಿಬ್ಬನ್ ಕ್ರೀಕ್ ಎಂಬ ಕೆಸರಿನ ಹಿನ್ನೀರಿಗೆ ಇಳಿಸಿದ. ಕತ್ತಲು, ಭರತದ ಸೆಳೆತ. ಈಜು ಬಾರದವರೂ ಇದ್ದರು. ಆರು ಮಂದಿ ಮುಳುಗಿ ಸತ್ತರು. ದೇಶವೇ ಬೆಚ್ಚಿತು, ಬೋಧಕನಿಗೆ ಕೋರ್ಟ್ ಮಾರ್ಷಲ್ ಆಯಿತು, ಮರೀನ್ ಪಡೆಯ ತರಬೇತಿಯ ಮೇಲೆ ಬಿಗಿ ಉಸ್ತುವಾರಿ ಬಂತು. ಕಷ್ಟ ಕೊಡುವುದಕ್ಕೂ ಕ್ರೌರ್ಯಕ್ಕೂ ನಡುವಣ ಗೆರೆಯನ್ನು ಬೋಧಕನ ಮರ್ಜಿಗೆ ಬಿಡಬಾರದು, ಬರೆದಿಡಬೇಕು ಎಂಬ ತಿಳಿವಳಿಕೆ ಬಂದದ್ದು ಆ ಆರು ಹುಡುಗರ ಸಾವಿನಿಂದ.

ಮೂಳೆಗೂ ಸಮಯ ಬೇಕು

ಮನಸ್ಸಿನ ಮಾತಾಯಿತು. ಮೈಯ ಕಡೆಯೂ ಒಂದು ಹಳೆಯ ಪಾಠವಿದೆ. 1855ರಲ್ಲಿ ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ದೂರದ ನಡಿಗೆ ಮಾಡಿದ ಹೊಸ ಸಿಪಾಯಿಗಳ ಪಾದ ಊದಿಕೊಂಡು ನೋಯುವುದನ್ನು ವಿವರಿಸಿದ. ಪೆಟ್ಟು ಬಿದ್ದಿಲ್ಲ, ಉಳುಕಿಲ್ಲ, ಆದರೂ ನೋವು. ಕಳ್ಳನೆಪ ಎಂದು ಎಷ್ಟು ಜನರನ್ನು ಮೈದಾನಕ್ಕೆ ಎಳೆದರೋ! ಕ್ಷಕಿರಣ ಬಂದ ಮೇಲೆ, 1897ರಲ್ಲಿ, ನಿಜ ಕಂಡಿತು: ಪಾದದ ಸಣ್ಣ ಮೂಳೆಗಳಲ್ಲಿ ಕೂದಲೆಳೆಯ ಬಿರುಕು. ಇದಕ್ಕೆ ‘ಮಾರ್ಚ್ ಫ್ರಾಕ್ಚರ್’ ಎಂದೇ ಹೆಸರು.

ಕಾರಣ ಸರಳ. ಹೊಸ ಭಾರ ಬಿದ್ದಾಗ ಮೂಳೆ ಹಳೆಯ ಕಣಗಳನ್ನು ಮೊದಲು ಕರಗಿಸಿ, ಆಮೇಲೆ ಗಟ್ಟಿ ಕಣಗಳನ್ನು ಕಟ್ಟುತ್ತದೆ. ನಡುವಿನ ಕೆಲವು ವಾರ ಅದು ಮುಂಚಿಗಿಂತಲೂ ದುರ್ಬಲ. ಸ್ನಾಯು, ಉಸಿರು ಬೇಗ ಬಲಿಯುವುದರಿಂದ ಹುಡುಗನಿಗೆ ತಾನು ಗಟ್ಟಿಯಾದೆನೆಂದು ಅನಿಸುತ್ತದೆ; ಮೂಳೆ ಇನ್ನೂ ಹಿಂದಿರುತ್ತದೆ. ಭರ್ತಿಯ ಸುದ್ದಿ ಬಂದ ಮೇಲೆ ಒಂದೇ ತಿಂಗಳಲ್ಲಿ ಡಾಂಬರು ರಸ್ತೆಯ ಮೇಲೆ ನಿತ್ಯ ಬಿರುಸಾಗಿ ಓಡಿದವರ ಮೊಣಕಾಲ ಕೆಳಗಿನ ಮೂಳೆ ನೋಯುವುದು ಇದರಿಂದಲೇ. ಆರು ತಿಂಗಳ ಮುಂಚೆ, ಹೊಲದ ಬದಿಯ ಮಣ್ಣಿನ ದಾರಿಯಲ್ಲಿ, ವಾರಕ್ಕೆ ಸ್ವಲ್ಪವೇ ಏರಿಸುತ್ತಾ, ವಾರದಲ್ಲೊಂದು ದಿನ ಬಿಡುವು ಕೊಡುತ್ತಾ ಓಡಿದವನು ತರಬೇತಿಯಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿಯುವ ಸಂಭವ ಕಡಿಮೆ. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬೂಟು ಕಾಲಿಗೆ ಒಗ್ಗಲೂ ಅಷ್ಟೇ. ಹಳ್ಳಿಯಲ್ಲಿ ಚಪ್ಪಲಿಯಲ್ಲೇ ಬೆಳೆದ ಪಾದಕ್ಕೆ ಇದು ಸಣ್ಣ ಸಂಗತಿಯಲ್ಲ.

ಸೇನೆಯ ಭರ್ತಿ ಪ್ರಕಟಣೆಗಳನ್ನು ಕೊನೆಯವರೆಗೆ ಓದಿದರೆ ಇಂಥ ಸಣ್ಣ ಸಂಗತಿಗಳು ಬೇಕಾದಷ್ಟು ಸಿಗುತ್ತವೆ. ವೈದ್ಯಕೀಯ ಪರೀಕ್ಷೆಗೆ ಮುಂಚೆ ಕಿವಿಯ ಗುಗ್ಗೆ ತೆಗೆಸಿಕೊಂಡು ಬನ್ನಿ ಎಂಬ ಸಲಹೆ ಅವುಗಳಲ್ಲೊಂದು. ಹಚ್ಚೆಯ ಬಗ್ಗೆಯೂ ನಿಯಮವಿದೆ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಇರಬಹುದು, ಬುಡಕಟ್ಟಿನವರಿಗೆ ರೂಢಿಯ ಪ್ರಕಾರ ರಿಯಾಯಿತಿ ಉಂಟು. ಜಾತ್ರೆಯಲ್ಲಿ ಗೆಳೆಯರೊಡನೆ ಹುಮ್ಮಸ್ಸಿನಿಂದ ತೋಳಿಗೆ ಹಾಕಿಸಿಕೊಂಡ ಹಚ್ಚೆ, ಐದೂವರೆ ನಿಮಿಷದ ಓಟವನ್ನು ಗೆದ್ದವನನ್ನೂ ಮನೆಗೆ ಕಳುಹಿಸಬಲ್ಲದು.

ಹೊಸ ಪದ್ಧತಿ

2022ರ ಜೂನ್ 14ರಂದು ಪ್ರಕಟವಾದ ‘ಅಗ್ನಿಪಥ’ ಯೋಜನೆ ಭರ್ತಿಯ ಸ್ವರೂಪವನ್ನೇ ಬದಲಾಯಿಸಿತು. ಹದಿನೇಳೂವರೆ ತುಂಬಿದವನು ಸೇರಬಹುದು. ಸೇವೆ ತರಬೇತಿಯೂ ಸೇರಿ ನಾಲ್ಕು ವರ್ಷ. ಆಮೇಲೆ ಖಾಯಂ ಆಗುವವರು ಹೆಚ್ಚೆಂದರೆ ಶೇಕಡ 25. ಸೇನೆಯಲ್ಲಿ ಮೊದಲ ತಂಡಗಳ ತರಬೇತಿ 31 ವಾರಕ್ಕೆ ನಿಗದಿಯಾಯಿತು. ಹಿಂದಿನ ಅವಧಿಗಿಂತ ಇದು ಕಡಿಮೆ. ಹೊಂದಿಕೊಳ್ಳಲು ಸಿಗುವ ವಾರಗಳೂ ಅಷ್ಟೇ ಕಡಿಮೆ. ಹೀಗಾಗಿ ಮನೆಯಲ್ಲಿ ಮಾಡಿಕೊಳ್ಳುವ ಸಿದ್ಧತೆಯ ಬೆಲೆ ಏರಿದೆ. ಜೊತೆಗೆ, ಓಟಕ್ಕೂ ಮುಂಚೆ ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಪರೀಕ್ಷೆ ಬಂದಿದೆ. 2025ರಲ್ಲಿ ಅದನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯುವ ಅವಕಾಶ ಸಿಕ್ಕಿತು. ಕನ್ನಡದಲ್ಲಿ ಬರೆದು ಪಾಸಾದ ಹುಡುಗ ಒಳಗೆ ಹೋದ ಮೇಲೆ ಕಲಿಯುವುದು ಹಿಂದಿಯಲ್ಲಿ. ರಾಜಕೀಯದ ಮಾತು ಬೇರೆ, ಬ್ಯಾರಕ್ಕಿನ ವಾಸ್ತವ ಬೇರೆ. ‘ಸಮಜ್ ಗಯಾ?’ ಎಂದು ಕೇಳಿದಾಗ ಅರ್ಥವಾಗದಿದ್ದರೂ ತಲೆಯಾಡಿಸಿ, ಆಮೇಲೆ ತಪ್ಪು ಮಾಡಿ ಶಿಕ್ಷೆ ತಿನ್ನುವ ಬದಲು, ಮನೆ ಬಿಡುವ ಮುಂಚೆಯೇ ಇನ್ನೂರು ಮುನ್ನೂರು ಹಿಂದಿ ಪದ, ಅಂಕಿ, ದಿಕ್ಕು, ಆಜ್ಞೆಗಳನ್ನು ಕಲಿತಿಟ್ಟುಕೊಂಡರೆ ಮೊದಲ ತಿಂಗಳ ಕಷ್ಟ ಅರ್ಧವಾಗುತ್ತದೆ.

ಹೆದ್ದಾರಿಯ ಪಕ್ಕ ತಲೆಯೆತ್ತಿರುವ ಖಾಸಗಿ ‘ಕರಿಯರ್ ಅಕಾಡೆಮಿ’ಗಳು ಓಟ ಕಲಿಸುತ್ತವೆ, ಪುಲ್ ಅಪ್ ಕಲಿಸುತ್ತವೆ, ಗಣಿತದ ಸೂತ್ರ ಬಾಯಿಪಾಠ ಮಾಡಿಸುತ್ತವೆ. ರ‍್ಯಾಲಿ ಮುಗಿದ ಮರುದಿನದ ಬಗ್ಗೆ ಹೇಳುವ ಬೋಧಕರು ಅಲ್ಲಿ ಸಿಕ್ಕರೆ ಅದು ಹುಡುಗನ ಅದೃಷ್ಟ. ಬಹುಮಟ್ಟಿಗೆ ಅಂಥವರು ಮಾಜಿ ಹವಾಲ್ದಾರರೋ ಸುಬೇದಾರರೋ ಆಗಿರುತ್ತಾರೆ. ಹಾಸಿಗೆ ಮಡಿಸುವುದು, ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಗುಂಡಿ ಹೊಲಿಯುವುದು, ನಾಲ್ಕೂವರೆಗೆ ಏಳುವುದು, ಫೋನಿಲ್ಲದೆ ವಾರ ಕಳೆಯುವುದು, ಚಪಾತಿ ದಾಲ್ ಉಂಡು ಅನ್ನ ಸಾರಿನ ಆಸೆ ಕಟ್ಟಿಡುವುದು, ಪಕ್ಕದ ಹಾಸಿಗೆಯ ಬಿಹಾರದ ಹುಡುಗನೊಡನೆ ಕೈಸನ್ನೆಯಲ್ಲಾದರೂ ಗೆಳೆತನ ಬೆಳೆಸುವುದು — ಇವಕ್ಕೆ ರ‍್ಯಾಲಿಯಲ್ಲಿ ಅಂಕವಿಲ್ಲ. ಆದ್ದರಿಂದ ಶುಲ್ಕ ಕೊಟ್ಟು ಕಲಿಯುವವರೂ ಇಲ್ಲ.

ಅಗ್ನಿವೀರರ ಮೊದಲ ತಂಡ ತರಬೇತಿಗೆ ಹೋದದ್ದು 2023ರ ಹೊಸ್ತಿಲಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2027ರ ಆರಂಭದ ಹೊತ್ತಿಗೆ. ಮುಂದುವರಿಯುವವರನ್ನು ಬಿಟ್ಟು ಉಳಿದವರು ಊರಿಗೆ ಮರಳುವಾಗ ಅವರ ವಯಸ್ಸು ಇನ್ನೂ ಇಪ್ಪತ್ತರ ದಶಕದಲ್ಲೇ. ಸೀತಾರಾಮನ ಮಾವನಂತೆ ಅವರ ಕೊರಳಲ್ಲಿ ಚಿನ್ನದ ಸರ ಇರಲಿಕ್ಕಿಲ್ಲ, ಪಿಂಚಣಿಯಂತೂ ಇಲ್ಲ. ಆದರೆ ಬಯಲುಸೀಮೆಯ ಅನೇಕ ಊರುಗಳಲ್ಲಿ, ಒಳಗೆ ಮೊದಲ ವಾರ ಏನಾಗುತ್ತದೆ ಎಂದು ಕನ್ನಡದಲ್ಲಿ ಹೇಳಬಲ್ಲ ಮೊದಲ ಮನುಷ್ಯರು ಅವರೇ ಆಗಿರುತ್ತಾರೆ.